ಶೂನ್ಯ ನೆರಳು: ಪಿಲಿಕುಳದಲ್ಲಿ ಮಾತ್ರವಲ್ಲ, ನಿಮ್ಮ ಅಂಗಳದಲ್ಲೂ

‘ಮಂಗಳೂರಿನಲ್ಲಿ ನೆರಳು ಮಾಯವಾಗುವುದು ವರ್ಷಕ್ಕೊಮ್ಮೆ, ಸರಿಯಾಗಿ 12 ಗಂಟೆಗೆ, ಅದೂ ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಮಾತ್ರ’ ಎಂಬ ವಾಟ್ಸಾಪ್ ಸಂದೇಶ ತಪ್ಪು.

ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದಾಗ ನೇರ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ; ಇದೇ ಶೂನ್ಯ ನೆರಳು. ಇದು ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಜಾಸ್ತಿ, ಹಾಗಾಗಿ ಅದು ಗೊತ್ತಾಗುವುದೇ ಇಲ್ಲ ಅಷ್ಟೆ.

ಸಮಯದ ವಿಷಯ ಮುಖ್ಯ. ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ, ಮಂಗಳೂರು ಇರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 74.8ರಲ್ಲಿ. ಹಾಗಾಗಿ ಸೂರ್ಯ ಇಲ್ಲಿ ನೆತ್ತಿಗೆ ಬರುವುದು ತಡವಾಗಿ. ಏಪ್ರಿಲ್‌ನಲ್ಲಿ ಸುಮಾರು 12.28ಕ್ಕೆ. ಹನ್ನೆರಡಕ್ಕೇ ನೋಡಿ ‘ಎಲ್ಲಾ ಸುಳ್ಳು’ ಎಂದು ಮಕ್ಕಳು ಒಳಗೆ ಹೋದರೆ ಬೇಸರ ಅಲ್ವಾ?

ಪಿಲಿಕುಳಕ್ಕೆ ಖಂಡಿತ ಹೋಗಿ, ಕೈಯಾರೆ ಮಾಡಿ ಕಲಿಯುವುದು ಅಲ್ಲಿ ಬೇಕಾದಷ್ಟಿದೆ. ಆದರೆ ಶೂನ್ಯ ನೆರಳು ನೋಡಲು ಸಮತಟ್ಟಾದ ಅಂಗಳ, ನೇರ ನಿಲ್ಲಿಸಿದ ಪೈಪಿನ ತುಂಡು ಸಾಕು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ.