ಮೂರು ಮನೆಗೆ ಎರಡು ಕುರ್ಚಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನೀವು ನನ್ನ ಮೇಲೆ ಎಸೆಯುವ ಮೊದಲು ನಾನೇ ಹೇಳಿಕೊಂಡುಬಿಡುತ್ತೇನೆ. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷಗಿರಿಗೆ ನಿಂತು, ನಾಲ್ಕು ಓಟು ತಗೊಂಡು ಸೋತವನು ನಾನು. ಆ ನಾಲ್ಕರಲ್ಲಿ ಒಂದು ನನ್ನದೇ. ಉಳಿದ ಮೂರು ಯಾರವು ಅಂತ ಇವತ್ತಿಗೂ ಗೊತ್ತಾಗಿಲ್ಲ, ಯಾಕೆಂದರೆ ಹಾಕಿದ್ದು ನಾನೇ ಅಂತ ಹದಿಮೂರು ಜನ ಬಂದು ಕೈ ಹಿಡಿದು ಹೇಳಿಹೋಗಿದ್ದಾರೆ.

ನಮ್ಮ ಶಾಲೆಯಲ್ಲಿರುವುದು 41 ಮಕ್ಕಳು, 27 ಮನೆಯವರು. ಈ ಸಮಿತಿಗೆ ಬೇಕಾದ ಪೋಷಕ ಸದಸ್ಯರು 18. ಅಂದರೆ ಮೂರು ಮನೆಗೆ ಎರಡು ಕುರ್ಚಿ. ಒಂಬತ್ತು ಮನೆಯವರು ಪ್ರಜೆಗಳು, ಮಿಕ್ಕವರೆಲ್ಲ ಪ್ರಭುಗಳು. ಇಷ್ಟು ಧಾರಾಳವಾದ ಪ್ರಜಾಪ್ರಭುತ್ವದಲ್ಲಿ ಪೈಪೋಟಿ ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ನಮ್ಮೂರನ್ನು ನೀವು ನೋಡಿಲ್ಲ.

ಕಾಗದದ ಮೇಲೆ ಈ ಸಮಿತಿ ಬಹಳ ಒಳ್ಳೆಯದು. 2001ರಲ್ಲಿ ಶುರುವಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು, ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಇಲ್ಲವೇ ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ. ಶಾಲೆ ಹೇಗೆ ನಡೆಯುತ್ತಿದೆ ನೋಡಬೇಕು, ಅಭಿವೃದ್ಧಿ ಯೋಜನೆ ಬರೆಯಬೇಕು, ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಬೇಕು. ಇದಕ್ಕೆ ಸಂಬಳವಿಲ್ಲ, ಕಾರಿಲ್ಲ. ಬರುವ ದುಡ್ಡಾದರೂ ಎಷ್ಟು? ಮೂವತ್ತು ದಾಟಿ ನೂರರೊಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣದ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಸೀಮೆಸುಣ್ಣ, ಫಿನಾಯಿಲು, ರಿಪೇರಿ, ಕಾಗದಪತ್ರ ಎಲ್ಲ ಅದರಲ್ಲೇ. ಆ ಖಾತೆಯ ಚೆಕ್ಕಿಗೆ ಹೆಡ್ ಮೇಷ್ಟ್ರ ಜೊತೆ ಸಹಿ ಹಾಕುವ ಸೌಭಾಗ್ಯಕ್ಕೆ ನನ್ನ ಎದುರಾಳಿ ಖರ್ಚು ಮಾಡಿದ್ದು, ಊರವರ ಅಂದಾಜಿನಲ್ಲಿ, ಅದರ ಏಳೆಂಟು ಪಟ್ಟು.

ಎದುರಾಳಿ ಅಂದರೆ ನಮ್ಮೂರ ಕಂಟ್ರಾಕ್ಟರು. ಚರಂಡಿ, ಸಿ.ಸಿ. ರಸ್ತೆ, ಅಂಗನವಾಡಿ ಕಾಂಪೌಂಡು ಎಲ್ಲ ಅವರವೇ. ಅವರಿಗೊಂದು ಸಣ್ಣ ತೊಡಕಿತ್ತು. ಅವರ ಮಕ್ಕಳಿಬ್ಬರೂ ಬೆಳಗ್ಗೆ ಏಳೂವರೆಗೆ ಹಳದಿ ವ್ಯಾನು ಹತ್ತಿ ತಾಲ್ಲೂಕಿನ ಕಾನ್ವೆಂಟಿಗೆ ಹೋಗುತ್ತವೆ. ಈ ಶಾಲೆಯಲ್ಲಿ ಮಗುವಿಲ್ಲದವರು ಸಮಿತಿಯ ಪೋಷಕ ಸದಸ್ಯರಾಗುವಂತಿಲ್ಲ. ಒಂದು ವಾರ ಊರೆಲ್ಲ ಇದೇ ಮಾತು, ಟಿ.ಸಿ. ತರ್ತಾರಂತೆ, ತರಲ್ವಂತೆ. ಕಡೆಗೆ ಕಾಯ್ದೆಯಲ್ಲೇ ಇರುವ ‘ಪೋಷಕರು’ ಎಂಬ ಪದ ಅವರ ಕೈ ಹಿಡಿಯಿತು. ತಮ್ಮ ಇಟ್ಟಿಗೆ ಗೂಡಿನಲ್ಲಿ ದುಡಿಯುವವರ ಮಗಳಿಗೆ ತಾವೇ ಪೋಷಕರು ಅಂತ ಒಂದು ಕಾಗದ ಬರೆಸಿಕೊಂಡು ಬಂದರು.

ಹೆಡ್ ಮೇಷ್ಟ್ರು ಕನ್ನಡಕ ಏರಿಸಿ, “ಮಗು ಯಾವ ಕ್ಲಾಸು ಸಾರ್?” ಅಂದರು.

ಕಂಟ್ರಾಕ್ಟರು ಡ್ರೈವರ್ ಕಡೆ ತಿರುಗಿದರು. ಡ್ರೈವರು ಬೀಡಿ ಹಿಂದಕ್ಕೆ ಮರೆಮಾಡಿ, “ನಾಕ್ನೇ ಕ್ಲಾಸು ಸಾ” ಅಂದ.

“ಹೆಸರು?”

“ಹೆಸ್ರೆಲ್ಲ ಆಮೇಲ್ ತುಂಬ್ಕಳಿ ಮೇಷ್ಟ್ರೇ. ಮಗು ಏನ್ ಎಲ್ಲಿಗಾದ್ರೂ ಓಡೋಯ್ತದಾ?”

ಮಹಿಳಾ ಮೀಸಲಿನ ಕತೆ ಬೇಗ ಮುಗಿಯಿತು. ಒಂಬತ್ತು ಹೆಂಗಸರ ಸ್ಥಾನಕ್ಕೆ ಒಂಬತ್ತು ಗಂಡಂದಿರು ಬಂದರು, ಅಂಗಿ ಜೇಬಿನಲ್ಲಿ ಹೆಂಡತಿಯ ಆಧಾರ್ ಕಾರ್ಡು. “ಅವ್ಳು ಹಸ ಕಟ್ಟಾಕ್ತಾವ್ಳೆ, ಸಹಿ ನಾನೇ ಹಾಕ್ತೀನಿ ಬುಡಿ” ಅಂದವರನ್ನು ಮೇಷ್ಟ್ರು ವಾಪಸು ಕಳಿಸಿ, ಹೆಂಗಸರು ಬಂದು, ಅವರ ಹಿಂದೆಯೇ ಗಂಡಂದಿರೂ ಮತ್ತೆ ಬಂದು ನಿಂತಾಗ ಮಧ್ಯಾಹ್ನವಾಗಿತ್ತು.

ಈ ಹೆಡ್ ಮೇಷ್ಟ್ರ ಬಗ್ಗೆ ಎರಡು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಅವರು ಸಮಿತಿಯ ಕಾರ್ಯದರ್ಶಿ. ಸ್ಯಾಟ್ಸ್ ಅನ್ನುವ ಸರ್ಕಾರಿ ಆನ್‌ಲೈನ್ ದಾಖಲೆಯಲ್ಲಿ ಹಾಜರಿ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರದ ಲೆಕ್ಕ, ನಡುವೆ ಪುರುಸೊತ್ತು ಸಿಕ್ಕರೆ ಗಣಿತದ ಲೆಕ್ಕ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆಂದು ಮನೆ ಮನೆ ಅಲೆದಿದ್ದರಲ್ಲ, ಅದು ಈಗ ಅವರ ಕುತ್ತಿಗೆಗೆ ಬಂತು. ಊರಿನಲ್ಲಿ ಯಾವ ಜಾತಿಯವರದು ಎಷ್ಟು ಮನೆ ಅಂತ ಕರಾರುವಾಕ್ಕಾಗಿ ಗೊತ್ತಿದ್ದ ಏಕೈಕ ಪ್ರಾಣಿ ಅವರು. ಎರಡೂ ಪಾರ್ಟಿಯವರು ರಾತ್ರಿ ಹತ್ತರ ಮೇಲೆ ಅವರ ಬಾಡಿಗೆ ಮನೆ ಬಾಗಿಲು ತಟ್ಟತೊಡಗಿದರು. ನಾನೂ ಒಂದು ಸಲ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. “ಅದು ಗೌಪ್ಯ, ಹೇಳೋ ಹಾಗಿಲ್ಲ” ಅಂದರು. ಮಕ್ಕಳಿಗೆ ಮಗ್ಗಿ ಎಷ್ಟರವರೆಗೆ ಬರುತ್ತದೆ ಅಂತ ಮಾತ್ರ ಅವರನ್ನು ಯಾರೂ ಕೇಳಲಿಲ್ಲ. ಅದರಲ್ಲಿ ಗೌಪ್ಯವೇನೂ ಇರಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಒಂದು ಸುತ್ತೋಲೆ ಬಂದಿದ್ದು ನೆನಪಿದೆಯೇ? ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ. ರಾಜ್ಯದ ತುಂಬ ಗದ್ದಲವೆದ್ದು ಕೆಲವೇ ದಿನಕ್ಕೆ ಸರ್ಕಾರ ಅದನ್ನು ವಾಪಸು ತಗೊಂಡಿತು. ಸರ್ಕಾರಿ ಶಾಲೆಗೆ ಬಡವರ ಹತ್ತಿರ ದುಡ್ಡು ಕೇಳುವುದು ತಪ್ಪೇ, ಆ ಮಾತು ಬಿಡಿ. ಆದರೆ ಆವತ್ತು ಅರಳಿಕಟ್ಟೆ ಮೇಲೆ ನಿಂತು ನೂರು ರೂಪಾಯಿಗೆ ಉರಿದುಬಿದ್ದ ಮುಖಂಡರೇ ಈ ಸಲ ತೋಟದ ಮನೆಯ ಬಾಡೂಟಕ್ಕೆ ಮೂರು ಮರಿ ಕಡಿಸಿದರು. ಮಾಂಸ ತಿನ್ನದವರಿಗೆ ಬೇರೆ ಒಲೆಯಲ್ಲಿ ಕೇಸರಿಬಾತು. ಜಾತ್ಯತೀತತೆಗೆ ಎಲ್ಲೂ ಲೋಪವಿಲ್ಲ.

ಬಾಡೂಟದ ಮರುದಿನ, ಅಧ್ಯಕ್ಷರನ್ನು ಆರಿಸಬೇಕಿದ್ದ ಸದಸ್ಯರು ಕಾಣೆಯಾದರು. ವಿಧಾನಸೌಧದವರಾದರೆ ರೆಸಾರ್ಟಿಗೆ ಹೋಗುತ್ತಾರೆ, ನಮ್ಮವರು ಎರಡು ಟೆಂಪೋ ಟ್ರಾವೆಲರ್‌ನಲ್ಲಿ ಧರ್ಮಸ್ಥಳಕ್ಕೆ ಹೋದರು. ಮಂಜುನಾಥನ ಮುಂದೆ ಆಣೆ, ಅಲ್ಲಿಂದ ಸುಬ್ರಹ್ಮಣ್ಯ, ಬರುವಾಗ ಹೊರನಾಡು. ಹೆಂಗಸರು ಮಕ್ಕಳನ್ನು ಬಿಟ್ಟು ಹೋಗುವುದುಂಟೇ? ಅವನ್ನೂ ಕರಕೊಂಡು ಹೋದರು. ಸೋಮವಾರ ಶಾಲೆಗೆ ಬಂದ ಮಕ್ಕಳು ಒಂಬತ್ತು. ತಲೆಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಎಂದಿನಂತೆ ಬೆಳಗ್ಗೆಯೇ ನಲವತ್ತೊಂದು ಲೋಟಕ್ಕೆ ಕಾಸಿಬಿಟ್ಟಿದ್ದ ಬಿಸಿಯೂಟದ ಅಕ್ಕ ಪಾತ್ರೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. “ನೀವಾದ್ರೂ ಒಂದು ಲೋಟ ಕುಡೀರಣ್ಣ, ಓಟಿಗೆ ನಿಂತಿದ್ದೀರಂತಲ್ಲ” ಅಂದಳು. ಮಕ್ಕಳ ಪಾಲಿನದು ಬೇಡಮ್ಮ ಅಂದೆ. ಇಡೀ ಪ್ರಚಾರದಲ್ಲಿ ನಾನು ಆಡಿದ ಒಂದೇ ಒಂದು ತೂಕದ ಮಾತು ಅದು. ಕೇಳಿಸಿಕೊಂಡವಳಿಗೆ ಓಟಿರಲಿಲ್ಲ.

ನಾನೂ ಸುಮ್ಮನೆ ಕೂತಿರಲಿಲ್ಲ. ಟೆಂಪೋಗೆ ಗತಿಯಿಲ್ಲದವನು ಫ್ಲೆಕ್ಸಿಗೆ ಶರಣಾದೆ. ಎಂಟಡಿಗೆ ಆರಡಿ. ನಡುವೆ ನಾನು, ಕೈ ಮುಗಿದುಕೊಂಡು. ಮೇಲೆ ಸಾಲಾಗಿ ದೊಡ್ಡವರು, ಕೆಳಗೆ ಸಾಲಾಗಿ ಹುಡುಗರು, ಅವರಲ್ಲಿ ಇಬ್ಬರು ಈ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವರು. ಅದನ್ನು ಗೇಟಿಗೆ ಕಟ್ಟಿದಾಗ ಶಾಲೆಯ ಹೆಸರಿನ ಬೋರ್ಡು ಮುಚ್ಚಿಹೋಯಿತು. ಪರವಾಗಿಲ್ಲ, ಕಂಟ್ರಾಕ್ಟರದು ಕೊಳವೆಬಾವಿಯ ಸ್ವಿಚ್ಚನ್ನೇ ಮುಚ್ಚಿತ್ತು.

ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಗೇಟಿನ ಮುಂದೆ ನಿಂತು ಬೆರಳಿಟ್ಟು ಓದುತ್ತಿದ್ದಳು. “ಶಿ-ಕ್ಷ-ಣ ಪ್ರೆ-ಮಿ.” ನಿಲ್ಲಿಸಿ ನನ್ನ ಮುಖ ನೋಡಿದಳು. “ಅಣ್ಣಾ, ಪ್ರೇಮಿಗೆ ದೀರ್ಘ ಹಾಕಿಲ್ಲ.”

ಜೆರಾಕ್ಸ್ ಅಂಗಡಿಯವನ ತಪ್ಪು ಅಂದೆ. ಯಾರ ಮನೆ ಮಗಳವ್ವಾ ಅಂತ ಕೇಳಿದರೆ ಇಟ್ಟಿಗೆ ಗೂಡಿನವರದ್ದು. ನನ್ನ ಎದುರಾಳಿಯ ‘ಪೋಷಣೆ’ಯಲ್ಲಿದ್ದ ಮಗು! ನಿನಗೆ ಹೊಸ ಪೋಷಕರು ಬಂದಿದ್ದಾರಂತಲ್ಲ ಅಂದೆ. ಅವಳು ಅರ್ಥವಾಗದೆ ಬ್ಯಾಗು ಸರಿ ಮಾಡಿಕೊಂಡು ಒಳಗೆ ಓಡಿದಳು.

ಚುನಾವಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಹದಿನಾಲ್ಕು, ನಾಲ್ಕು. ಪಟಾಕಿ ಸದ್ದಿಗೆ ಒಂದನೇ ಕ್ಲಾಸಿನ ಮಕ್ಕಳು ಕಿವಿ ಮುಚ್ಚಿಕೊಂಡು ಅತ್ತವು. ಜೆಸಿಬಿಯಿಂದ ಹೂ ಸುರಿಸಬೇಕೆಂದಿದ್ದರು, ಗೇಟಿನೊಳಗೆ ಜೆಸಿಬಿ ಹಿಡಿಯಲಿಲ್ಲ. ಗೇಟು ಅಗಲ ಮಾಡಿಸುವುದು ನೂತನ ಅಧ್ಯಕ್ಷರ ಮೊದಲ ಅಭಿವೃದ್ಧಿ ಯೋಜನೆ ಅಂತ ಅಲ್ಲೇ ಘೋಷಣೆಯೂ ಆಯಿತು. ಎರಡನೇ ಸಭೆಗೆ ಕೋರಂ ಇರಲಿಲ್ಲ. ಮೂರನೆಯದಕ್ಕೆ ಅಧ್ಯಕ್ಷರಿರಲಿಲ್ಲ. ನಡಾವಳಿ ಪುಸ್ತಕ ಈಗ ಮನೆ ಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬರುತ್ತದೆ, ಐದನೇ ಕ್ಲಾಸಿನ ಹುಡುಗನ ಕೈಯಲ್ಲಿ.

ಮೊನ್ನೆ ಮಳೆಗೆ ನಾಲ್ಕನೇ ಕ್ಲಾಸಿನ ಕೋಣೆ ಸೋರಿತು. ಗೆದ್ದವರ ಫ್ಲೆಕ್ಸ್ ಇಳಿಸಲು ಧೈರ್ಯವಾಗದೆ ಹೆಡ್ ಮೇಷ್ಟ್ರು ನನಗೆ ಫೋನ್ ಮಾಡಿದರು. “ನಿಮ್ದು ಹೇಗೂ ಈಗ ಬೇಕಾಗಿಲ್ವಲ್ಲ, ಸಾರ್?” ಬಿಚ್ಚಿಕೊಳ್ಳಿ ಅಂದೆ. ಈಗ ನಾನು ಕೈ ಮುಗಿದುಕೊಂಡು ಹೆಂಚಿನ ಮೇಲೆ ಆಕಾಶ ನೋಡುತ್ತಾ ಮಲಗಿದ್ದೇನೆ. ಕೋಣೆ ಸೋರುವುದು ನಿಂತಿದೆಯಂತೆ, ಎಡಮೂಲೆ ಬಿಟ್ಟು. ಅಲ್ಲಿ ಗಾಳಿಗೆ ಹರಿದದ್ದು ಆ ದೀರ್ಘವಿಲ್ಲದ ‘ಪ್ರೆಮಿ’.