ಡಂಪ್ ಓದೋರು ಮನುಷ್ಯರೇ ಕಣ್ರೀ

ಲೂಪ್ ಇರುವ ಒಂದು ಪುಟ್ಟ ಸಿ ಫಂಕ್ಷನ್ ಬರೆದು, ಜಿಸಿಸಿ ಕಂಪೈಲರ್‌ನಲ್ಲಿ ಆಪ್ಟಿಮೈಸ್ ಮಾಡಿಸಿ, ಡಂಪ್ (ಕೋಡ್ ಒಳಗೆ ಹೇಗಾಗಿದೆ ಅಂತ ಕಂಪೈಲರ್ ಪ್ರಿಂಟ್ ಮಾಡುವ ಪಠ್ಯ) ತೆಗೆದು ನೋಡಿ. ಒಂದೊಂದು ಬ್ಲಾಕ್‌ನ (ನಡುವೆ ಕವಲಿಲ್ಲದೆ ನೇರ ಓಡುವ ಕೋಡ್ ತುಂಡಿನ) ತಲೆಯ ಮೇಲೂ ‘ಲೋಕಲ್ ಕೌಂಟ್’ ಅಂತ ಒಂದು ನಂಬರ್ ಇರುತ್ತದೆ. ಎಷ್ಟೋ ಸಲ ಶುರುವಿನ ಬ್ಲಾಕ್‌ಗೆ 118111600, ಲೂಪ್ ಒಳಗೆ 1073741824. ನನ್ನ ಲೂಪ್ ನೂರೇಳು ಕೋಟಿ ಸಲ ಸುತ್ತುತ್ತಾ ಅಂತ ಹೊಸಬರು ಗಾಬರಿಯಾದರೆ ತಪ್ಪೇನು?

ಅಸಲಿಗೆ ಅದು ಬರೀ ಅಂದಾಜು. ಪ್ರೊಫೈಲ್ ಮಾಹಿತಿ (ಪ್ರೋಗ್ರಾಂ ನಿಜವಾಗಿ ಓಡಿಸಿ ಅಳೆದ ಲೆಕ್ಕ) ಕೊಡದಿದ್ದಾಗ, ಇಂಥ ಲೂಪ್ 100ಕ್ಕೆ 89 ಸಲ ಮತ್ತೆ ತಿರುಗುತ್ತದೆ ಅಂತ ಕಂಪೈಲರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅದನ್ನು ಪೂರ್ಣಾಂಕದಲ್ಲಿ ಇಟ್ಟುಕೊಳ್ಳಬೇಕಲ್ಲ, ಅದಕ್ಕೇ ಜಾಸ್ತಿ ಓಡುವ ಬ್ಲಾಕ್‌ಗೆ 2ರ ಘಾತ 30 ಕೊಟ್ಟು ಉಳಿದವನ್ನು ಆ ಪ್ರಮಾಣಕ್ಕೆ ಇಳಿಸುತ್ತದೆ. ಮೇಲಿನ ಎರಡು ನಂಬರ್ ಭಾಗಿಸಿ ನೋಡಿ, ಒಂಬತ್ತು ಚಿಲ್ಲರೆ ಬರುತ್ತದೆ. ನನಗೆ ಬೇಕಿದ್ದದ್ದು ಅಷ್ಟೇ!

ಒಳಗೆ ಹೇಗೆ ಬೇಕಾದರೂ ಇಟ್ಟುಕೊಳ್ಳಲಿ, ಪ್ರಿಂಟ್ ಮಾಡುವಾಗ 1 ಮತ್ತು 9.1 ಅನ್ನಲಿ. ಆ ಲೆಕ್ಕವನ್ನೇ ರಿಪೇರಿ ಮಾಡುವವರಿಗೆ ಪೂರ್ತಿ ನಂಬರ್ ಬೇಕು, ಒಪ್ಪುತ್ತೇನೆ, ಅವರಿಗೊಂದು ಬೇರೆ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಇರಲಿ. ಹತ್ತು ಜನರಿಗೆ ಬೇಕಾದ್ದನ್ನು ಎಲ್ಲರ ಕಣ್ಣಿಗೂ ಯಾಕೆ ತುರುಕಬೇಕು?

ಇನ್ನೊಂದು ಕಂಪೈಲರ್ ಯೋಜನೆಯಾದ ಎಲ್‌ಎಲ್‌ವಿಎಂನವರು ಈ ವಿಷಯದಲ್ಲಿ ಪರವಾಗಿಲ್ಲ. ಮೊದಲೆಲ್ಲ ಪ್ರಿಂಟ್-ಆಫ್ಟರ್-ಆಲ್ ಫ್ಲ್ಯಾಗ್ ಹಾಕಿದರೆ ಏನೂ ಬದಲಾಯಿಸದ ಪಾಸ್ (ಆಪ್ಟಿಮೈಸ್ ಮಾಡುವ ಒಂದು ಹಂತ) ಕೂಡ ಇಡೀ ಫಂಕ್ಷನ್ ಕಕ್ಕುತ್ತಿತ್ತು. ಈಗ ಪ್ರಿಂಟ್-ಚೇಂಜ್ಡ್ ಇದೆ, ಬದಲಾದರೆ ಮಾತ್ರ ತೋರಿಸುತ್ತದೆ, ಬೇಕಂದರೆ ಡಿಫ್ ರೂಪದಲ್ಲೂ, ಅಂದರೆ ಹೋದ ಸಾಲಿಗೆ ಮೈನಸ್ ಬಂದ ಸಾಲಿಗೆ ಪ್ಲಸ್ ಹಾಕಿ, ಕೊಡುತ್ತದೆ. 2024ರ 19ನೇ ಆವೃತ್ತಿಯಲ್ಲಿ ಡೀಬಗ್ ಮಾಹಿತಿಯ ಸಾಲುಗಳು ‘ಕಾಲ್’ (ಫಂಕ್ಷನ್ ಕರೆಯುವ ಇನ್‌ಸ್ಟ್ರಕ್ಷನ್) ವೇಷ ಕಳಚಿ ಬೇರೆ ರೂಪಕ್ಕೆ ಬಂದವು, ನಿಜವಾದ ಇನ್‌ಸ್ಟ್ರಕ್ಷನ್ ಯಾವುದು ಅಂತ ಈಗ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆದರೂ ಹೆಸರಿಲ್ಲದೆ ಬರೀ ಕ್ರಮಸಂಖ್ಯೆ ಇರುವ ವ್ಯಾಲ್ಯೂಗಳ (ಇನ್‌ಸ್ಟ್ರಕ್ಷನ್‌ಗಳ ಫಲಿತಾಂಶಗಳ) ಕಾಟ ತಪ್ಪಿಲ್ಲ. ಮೇಲೆ ಒಂದು ಇನ್‌ಸ್ಟ್ರಕ್ಷನ್ ಅಳಿಸಿದರೆ ಕೆಳಗಿನ 7 ಹೋಗಿ 6 ಆಗುತ್ತದೆ, 8 ಹೋಗಿ 7 ಆಗುತ್ತದೆ, ಡಿಫ್ ತುಂಬ ಬರೀ ಪ್ಲಸ್ಸು ಮೈನಸ್ಸು. ಹೆಸರು ಉಳಿಸುವ ಫ್ಲ್ಯಾಗ್ ಎಲ್‌ಎಲ್‌ವಿಎಂನ ಸಿ ಕಂಪೈಲರ್ ಕ್ಲ್ಯಾಂಗ್‌ನಲ್ಲಿ ಇದೆ, ಆದರೆ ಕ್ಲ್ಯಾಂಗ್‌ನ ರಿಲೀಸ್ ಬಿಲ್ಡ್‌ನಲ್ಲಿ (ಬಳಕೆಗೆ ಬಿಡುವ ಆವೃತ್ತಿಯಲ್ಲಿ) ನಾವೇ ಕೇಳಿ ಹಾಕಿಸಿಕೊಳ್ಳಬೇಕು.

ಪ್ರಿಂಟ್ ಆಗುವ ರೂಪ ಬದಲಾಯಿಸಿದರೆ ಡಂಪ್ ಪಠ್ಯವನ್ನೇ ಹುಡುಕುವ ಟೆಸ್ಟ್‌ಗಳು ಒಡೆಯುತ್ತವೆ ಅನ್ನುವುದು ಮಾಮೂಲಿ ಆಕ್ಷೇಪ. ನಿಜ, ಒಡೆಯುತ್ತವೆ. ಸ್ಕ್ರಿಪ್ಟ್ ಬರೆದು ತಿದ್ದಿ. ಡೀಬಗ್ ಸಾಲುಗಳ ವಿಷಯದಲ್ಲಿ ಅಷ್ಟೊಂದು ಟೆಸ್ಟ್ ತಿದ್ದಿಯೇ ಅಲ್ವಾ ಆ ಬದಲಾವಣೆ ಬಂದದ್ದು?