ತಾರೀಖು ಮಾತ್ರ ಯಾರೂ ಹೇಳುವುದಿಲ್ಲ

ಬದಿಯಡ್ಕದಿಂದ ಇಬ್ಬರು, ಉಪ್ಪಳದಿಂದ ಒಬ್ಬ, ಕುಂಬಳೆಯಿಂದ ನಾನು. ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಬೇಕು, ಬೆನ್ನಿಗೆ ಬ್ಯಾಗ್ ಹಾಕಿ ನಡೆಯಬೇಕು, ಹೊಳೆಯಲ್ಲಿ ಟ್ರೌಟ್ ಮೀನು ಹಿಡಿಯಬೇಕು. ಮಾತು ಶುರುವಾಗಿ ಎರಡು ವರ್ಷವಾಯಿತು. ನಮ್ಮಲ್ಲಿ ಯಾರೂ ಆ ಬೆಟ್ಟ ಕಂಡವರಲ್ಲ. ಹಾಗಿರುವಾಗ ಮೊದಲೇ ಕೂತು ಮಾತಾಡಬೇಕು, ಅಲ್ವಾ?

ಗ್ರೂಪಿನಲ್ಲಿ ಕೇಳಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೇ. ಕೊನೆಗೆ ಒಬ್ಬ "ಕ್ರಿಸ್‌ಮಸ್ ರಜೆಗೆ ಹೋಗುವ ಮಾರಾಯ" ಅಂದ. ಉಳಿದಿಬ್ಬರೂ ಹೂಂ ಅಂದರು. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವ ಹಾಗೇ ಇಲ್ಲ, ಅದು ಮೀನು ಮೊಟ್ಟೆ ಇಡುವ ಕಾಲ ಅಂತ ನಾನು ಮೂರು ಸಲ ಬರೆದಿದ್ದೆ. ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು, ಅಲ್ಲೇ ಇರುವ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನೊಳಗೆ ನಡೆಯಲು ಬೇರೆಯೇ ಪರ್ಮಿಟ್ ಬೇಕು ಅಂತಲೂ ಬರೆದಿದ್ದೆ. ಯಾರೂ ಓದಿಲ್ಲ. ಸಂಜೆ ಗಾಳ ಹಿಡಿದು ನಮ್ಮ ಕಡೆಯ ಚಂದ್ರಗಿರಿ ಹೊಳೆ ಬದಿಗೆ ಹೋದ ಹಾಗೆ ಅಂದುಕೊಂಡಿದ್ದಾರೆ. ತೀರ್ಥನ್‌ನದು ಹಿಮ ಕರಗಿ ಬರುವ ನೀರು. ಕಾಲು ಜಾರಿದರೆ ಕಷ್ಟ.

ರೈಲಿನ ಟಿಕೆಟ್ 60 ದಿನ ಮೊದಲು ಸಿಗಲು ಶುರುವಾಗುತ್ತದೆ. ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೇ ಎರಡು ರಾತ್ರಿ, ಆಮೇಲೆ ಬಸ್ಸು. ಏಪ್ರಿಲ್‌ನಲ್ಲಿ ಹೊರಡಬೇಕಾದರೆ ಫೆಬ್ರವರಿಯಲ್ಲೇ ತೀರ್ಮಾನ ಆಗಬೇಕು. ಟೆಂಟ್ ಯಾರು ತರುವುದು, ಸ್ಟವ್ ಯಾರು ಹೊರುವುದು ಅಂತ ಕೇಳಿದರೆ "ಅದು ಮತ್ತೆ ನೋಡುವ" ಅನ್ನುತ್ತಾರೆ.

ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ಬರಲು ಆಗದಿದ್ದರೆ ಆಗುವುದಿಲ್ಲ ಅನ್ನಿ, ನನಗೆ ಬೇಜಾರಿಲ್ಲ. ಸುಮ್ನೆ ಹೆಬ್ಬೆರಳು ತೋರಿಸಿ ನನ್ನನ್ನು ಕಾಯಿಸಬೇಡಿ.